ಖಾಲಿ ಜಾಗ ಅಂತ ಯಾರು ಹೇಳಿದ್ದು?

ದಾವಣಗೆರೆಗೆ ಏರ್‌ಪೋರ್ಟ್ ಬರುತ್ತದೆ ಅನ್ನುವ ಮಾತು ನಮ್ಮೂರಲ್ಲಿ ಜಾತ್ರೆ ಇದ್ದ ಹಾಗೆ, ಆಗಾಗ ಬಂದು ಹೋಗುತ್ತಿರುತ್ತದೆ. ದುಗ್ಗಮ್ಮನ ಜಾತ್ರೆ ಮಾತ್ರ ಹೇಳಿದ ವರ್ಷಕ್ಕೆ ನಡೆಯುತ್ತದೆ, ಏರ್‌ಪೋರ್ಟ್ ನಡೆಯುವುದಿಲ್ಲ, ಅಷ್ಟೇ ವ್ಯತ್ಯಾಸ. 2022-23ರ ರಾಜ್ಯ ಬಜೆಟ್‌ನಲ್ಲಿ ದಾವಣಗೆರೆ ಮತ್ತು ಕೊಪ್ಪಳದಲ್ಲಿ ವಿಮಾನ ನಿಲ್ದಾಣ ಆಗುತ್ತದೆಯೇ ಎಂದು ಅಧ್ಯಯನ ಮಾಡಿಸುವುದಾಗಿ ಹೇಳಿದ್ದರು. ಆವತ್ತಿನಿಂದ ಬೆಣ್ಣೆ ದೋಸೆ ಹೋಟೆಲಿನಲ್ಲಿ ಕೂತರೂ ಅದೇ ಮಾತು. ಯಾವ ಕಡೆ ಬರುತ್ತದೆ, ಎಷ್ಟು ಎಕರೆ, ಆ ಕಡೆ ಈಗಲೇ ಒಂದು ಸೈಟ್ ಹಾಕಿದರೆ ಹೇಗೆ. ಇದಕ್ಕೆಲ್ಲ ಯಾರಾದರೂ ಒಬ್ಬರು ಉತ್ತರ ಕೊಟ್ಟೇ ಕೊಡುತ್ತಾರೆ. ಆ ಜಾಗ ಯಾರದ್ದು ಅಂತ ಕೇಳಿ ನೋಡಿ. "ಅಲ್ಲಿ ಏನಿದೆ, ಖಾಲಿ ಜಾಗ" ಎಂದು ಕೈ ಬೀಸಿ ಸಾಂಬಾರ್ ಬಟ್ಟಲು ಹತ್ತಿರ ಎಳೆದುಕೊಳ್ಳುತ್ತಾರೆ.

ನನ್ನ ತಕರಾರು ಇರುವುದು ಈ ಎರಡು ಪದಗಳ ಮೇಲೆ. ವಿಮಾನದ ಮೇಲಲ್ಲ. ನಾನೂ ವಿಮಾನ ಹತ್ತಿದ್ದೇನೆ, ಇಲ್ಲಿಂದ ರಾತ್ರಿ ಬಸ್ಸು ಹಿಡಿದು ಬೆಳಗಿನ ಜಾವ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ ಮುಟ್ಟುವ ಕಷ್ಟ ನನಗೂ ಗೊತ್ತು. ಆದರೆ ನಮ್ಮ ಕಡೆ, ಅಂದರೆ ದಾವಣಗೆರೆ ಚಿತ್ರದುರ್ಗದ ಬಯಲಲ್ಲಿ, ಖಾಲಿ ಜಾಗ ಅಂತ ಹೇಳಿ ರನ್‌ವೇ ಹಾಕಿದ್ದು ಈಗಾಗಲೇ ಒಂದು ಸಲ ಆಗಿಹೋಗಿದೆ. ಹೊಸದರ ಬಗ್ಗೆ ಮಾತಾಡುವ ಮೊದಲು ಅದನ್ನು ಒಂದು ಸಲ ನೋಡಬೇಕು, ಅಲ್ವಾ?

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಸೀಮೆಗೆ ಹೋಗಿ. ಖುದಾಪುರ, ಉಳ್ಳಾರ್ತಿ, ವರವು ಕಾವಲು. ಇವೆಲ್ಲ ಅಮೃತ ಮಹಲ್ ಕಾವಲುಗಳು. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿತ್ತು, ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಫಿರಂಗಿ ಎಳೆಯುವ ಎತ್ತುಗಳನ್ನು ಮೇಯಿಸಲು ಲಕ್ಷಗಟ್ಟಲೆ ಎಕರೆ ಹುಲ್ಲುಗಾವಲನ್ನು ಆ ಕಾಲದಲ್ಲಿ ಬಿಟ್ಟಿದ್ದರು. ಅರಸರು ಹೋದರು, ಫಿರಂಗಿ ಹೋಯಿತು. ಕಾವಲಿನಲ್ಲಿ ಮೇಯುವುದು ಮಾತ್ರ ನಿಲ್ಲಲಿಲ್ಲ. ಮ್ಯಾಸಬೇಡರ ದೇವರ ಎತ್ತುಗಳು, ಅವನ್ನು ಕಾಯುವ ಕಿಲಾರಿ, ಗೊಲ್ಲರಹಟ್ಟಿಯ ದನ, ಕುರುಬರ ಕುರಿಮಂದೆ. ಚಳ್ಳಕೆರೆ ಕಂಬಳಿ ಅಂತ ಕೇಳಿದ್ದೀರಲ್ಲ, ಆ ಉಣ್ಣೆ ಎಲ್ಲಿ ಬೆಳೆಯುತ್ತದೆ ಅಂದುಕೊಂಡಿರಿ? ಆ ಹುಲ್ಲಿನ ಮೇಲೆ. ಹುಲ್ಲು ಬಿಟ್ಟರೆ ಕೃಷ್ಣಮೃಗ, ತೋಳ, ನರಿ, ಹತ್ತಾರು ಜಾತಿಯ ಹಕ್ಕಿ.

ಈ ಕಾವಲುಗಳಲ್ಲಿ ಹತ್ತಿರ ಹತ್ತಿರ 10,000 ಎಕರೆಯನ್ನು 2010ರ ಆಸುಪಾಸಿನಲ್ಲಿ ಹಂಚಿದರು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೊಗೆ 573, ಜೊತೆಗೆ ಒಂದು ಖಾಸಗಿ ಸೋಲಾರ್ ಕಂಪನಿಗೂ ಪಾಲು. ಹಳ್ಳಿಯವರಿಗೆ ವಿಷಯ ಸರಿಯಾಗಿ ಗೊತ್ತಾಗಿದ್ದು ಗೋಡೆ ಏಳತೊಡಗಿದ ಮೇಲೆ. ಆಮೇಲೆ ಹೋರಾಟ ಆಯಿತು, ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೂ ಹೋದರು, 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು, ಅಷ್ಟು ಹೊತ್ತಿಗೆ ಗೋಡೆ ನಿಂತಿತ್ತು, ದೊಡ್ಡ ಸಂಸ್ಥೆಗಳ ಕೆಲಸ ನಿಲ್ಲಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಗಾದೆ ಇದೆಯಲ್ಲ, ದುರ್ಗದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

2017ರ ಮೇ 28ರಂದು ಅಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಉದ್ದದ ರನ್‌ವೇ. ಅಲ್ಲಿ ನಡೆಯುವ ಕೆಲಸ ಸಣ್ಣದಲ್ಲ, ಅದನ್ನು ಒಪ್ಪಲೇಬೇಕು. 2023ರ ಏಪ್ರಿಲ್‌ನಲ್ಲಿ, ಮತ್ತೆ 2024ರ ಮಾರ್ಚ್ ಮತ್ತು ಜೂನ್‌ನಲ್ಲಿ, ಇಸ್ರೊದವರು ಮರುಬಳಕೆಯ ರಾಕೆಟ್ ವಿಮಾನವನ್ನು ಚಿನೂಕ್ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಾಗ ಅದು ತಾನಾಗಿ ಬಂದು ಇಳಿದಿದ್ದು ಇದೇ ರನ್‌ವೇ ಮೇಲೆ. ನಾನೂ ವಿಡಿಯೊ ನೋಡಿ ಚಪ್ಪಾಳೆ ಹೊಡೆದೆ. ವಿಡಿಯೊದಲ್ಲಿ ರನ್‌ವೇ ಸುತ್ತ ಕಾಣುತ್ತದಲ್ಲ ಬಟಾಬಯಲು, ನೋಡಿದವರಿಗೆ ಖಾಲಿ ಜಾಗ ಅಂತಲೇ ಅನ್ನಿಸುತ್ತದೆ. ಬೇಲಿ ಹಾಕಿ ದನ ಕುರಿ ಹೊರಗೆ ಕಳಿಸಿದ ಮೇಲೆ ಇನ್ನೇನು ಕಾಣುತ್ತದೆ? 2019ರ ಸೆಪ್ಟೆಂಬರ್‌ನಲ್ಲಿ ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ, 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಡ್ರೋನ್ ವಿಮಾನಗಳು ಬಿದ್ದವು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆವತ್ತು ಟಿವಿಯವರೆಲ್ಲ ಓಡಿ ಬಂದರು. ಮೇವಿಲ್ಲದೆ ದನ ಮಾರಿದ ಮನೆಗೆ ಯಾವ ಟಿವಿಯೂ ಹೋಗಿದ್ದು ನಾನು ನೋಡಿಲ್ಲ.

ಈಗ ಇದರ ಪಕ್ಕದಲ್ಲಿ ದೇವನಹಳ್ಳಿಯನ್ನು ಇಟ್ಟು ನೋಡಿ. ಅಲ್ಲೂ ವಿಮಾನದ ಹೆಸರಲ್ಲೇ ಜಮೀನು ಕೇಳಿದ್ದು. ಕೆಂಪೇಗೌಡ ನಿಲ್ದಾಣದ ಆಚೆ, ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ, ಏರೋಸ್ಪೇಸ್ ಪಾರ್ಕಿಗೆ. ರೈತರು 1,198 ದಿನ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳೇ ಸ್ವಾಧೀನ ಕೈಬಿಟ್ಟಿದ್ದೇವೆ ಎಂದು ಹೇಳಬೇಕಾಯಿತು. ಅಲ್ಲಿ ಕೇಳಿದ್ದು 1,777 ಎಕರೆ, ಉಳಿಯಿತು. ಇಲ್ಲಿ ಕೇಳಿದ್ದು 10,000 ಎಕರೆ, ಹೋಯಿತು. ದೇವನಹಳ್ಳಿಯವರ ಹಠ ದೊಡ್ಡದು, ನಿಜ. ರಾಜಧಾನಿ ಪಕ್ಕದಲ್ಲೇ ಇತ್ತು, ಬೆಂಬಲಕ್ಕೆ ಜನ ಸೇರಿದರು, ಅದೂ ನಿಜ. ಆದರೆ ನನ್ನ ಪ್ರಕಾರ ಮುಖ್ಯ ವ್ಯತ್ಯಾಸ ಪಹಣಿಯ ಒಂಬತ್ತನೇ ಕಾಲಂನಲ್ಲಿದೆ. ದೇವನಹಳ್ಳಿ ಕಡೆಯ ಪಹಣಿಯಲ್ಲಿ ಅಲ್ಲಿ ರೈತರ ಹೆಸರಿತ್ತು. ಚಳ್ಳಕೆರೆಯ ಕಾವಲಿನ ಪಹಣಿಯಲ್ಲಿ ಇದ್ದಿದ್ದು ಸರ್ಕಾರದ ಹೆಸರು.

ಕಾನೂನು ಹೇಗೆ ಕೆಲಸ ಮಾಡುತ್ತದೆ ನೋಡಿ. ನಿಮ್ಮ ಹೆಸರಿನ ಜಮೀನು ಬೇಕಾದರೆ ಸರ್ಕಾರ ನಿಮಗೆ ನೋಟಿಸ್ ಕೊಡಲೇಬೇಕು. ಕೈಗಾರಿಕೆಗೆ ಜಾಗ ಒದಗಿಸುವ ರಾಜ್ಯದ ಮಂಡಳಿ ಕೆಐಎಡಿಬಿ ಮೂಲಕ ತೆಗೆದುಕೊಂಡರೆ 28(1) ಅಧಿಸೂಚನೆ ಬರುತ್ತದೆ, ಆಕ್ಷೇಪಣೆಗೆ 30 ದಿನ ಸಿಗುತ್ತದೆ, ಆಮೇಲೆ 28(4) ಅಂತಿಮ ಅಧಿಸೂಚನೆ. 2013ರ ಭೂಸ್ವಾಧೀನ ಕಾಯ್ದೆಯಲ್ಲಾದರೆ ಇನ್ನೂ ಸ್ವಲ್ಪ ಬಲ ಇದೆ, ಖಾಸಗಿ ಪಾಲುದಾರಿಕೆಯ ಯೋಜನೆಗೆ ಶೇ 70ರಷ್ಟು ಕುಟುಂಬಗಳ ಒಪ್ಪಿಗೆ ಬೇಕು, ಹಳ್ಳಿ ಜಮೀನಿಗೆ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೆ ಪರಿಹಾರ ಉಂಟು. ಸರ್ಕಾರಿ ಜಮೀನಿಗೆ ಇದು ಯಾವುದೂ ಬೇಕಾಗಿಲ್ಲ! ಅದನ್ನು ಯಾರೂ ಸ್ವಾಧೀನ ಮಾಡಿಕೊಳ್ಳುವುದಿಲ್ಲ, ಒಂದು ಇಲಾಖೆ ಇನ್ನೊಂದಕ್ಕೆ ಕಾಗದದ ಮೇಲೆ ವರ್ಗಾಯಿಸುತ್ತದೆ. ಅಲ್ಲಿ ಮೂರು ತಲೆಮಾರಿನಿಂದ ದನ ಮೇಯಿಸಿದವರಿಗೆ ಒಂದು ಪೋಸ್ಟ್‌ಕಾರ್ಡೂ ಬರುವುದಿಲ್ಲ.

ಅದಕ್ಕೇ ಯಾವ ಅಧಿಕಾರಿಗೂ ಇಂಥ ಜಾಗದ ಮೇಲೆ ಮೊದಲ ಕಣ್ಣು. ಖರ್ಚು ಕಡಿಮೆ, ಗಲಾಟೆ ಕಡಿಮೆ. ಬಗರ್‌ಹುಕುಂನಲ್ಲಿ, ಅಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನು ಉಳುತ್ತಿರುವವರ ಪಾಡೂ ಇದೇ. ಸಕ್ರಮ ಮಾಡಿಕೊಡಿ ಎಂದು ಫಾರಂ 50, 53, 57ರ ಅರ್ಜಿ ವರ್ಷಗಟ್ಟಲೆ ಹಿಡಿದು ತಾಲ್ಲೂಕು ಕಚೇರಿ ಸುತ್ತಿದವರು ಯೋಜನೆ ಬಂದ ದಿನ ಒತ್ತುವರಿದಾರರಾಗಿಬಿಡುತ್ತಾರೆ. ಪಕ್ಕದ ಶಿವಮೊಗ್ಗದ ಸೋಗಾನೆಯಲ್ಲಿ ಜಮೀನು ಬಿಟ್ಟುಕೊಟ್ಟವರು ಹೇಳಿದ ನಿವೇಶನ ಸಿಗಲಿಲ್ಲ ಎಂದು ನಿಲ್ದಾಣ ಉದ್ಘಾಟನೆಯಾದ ಮೇಲೂ ಧರಣಿ ಕೂತಿದ್ದನ್ನು ಪೇಪರಿನಲ್ಲಿ ಓದಿರುತ್ತೀರಿ.

ಇನ್ನು ವಿಸ್ತರಣೆಯ ವಿಷಯ. ಏರ್‌ಪೋರ್ಟ್ ಯಾವತ್ತೂ ಮೊದಲ ದಿನವೇ ಪೂರ್ತಿ ಬರುವುದಿಲ್ಲ. ಮೊದಲು ಸಣ್ಣ ರನ್‌ವೇ ಬರುತ್ತದೆ. ಮೈಸೂರಿನದು 1,740 ಮೀಟರ್, ಅದರಲ್ಲಿ ಎಟಿಆರ್‌ನಂಥ ಸಣ್ಣ ವಿಮಾನ ಮಾತ್ರ ಇಳಿಯುತ್ತದೆ. ಆಮೇಲೆ ಜನ ಬರುತ್ತಿಲ್ಲ, ಯಾಕೆಂದರೆ ದೊಡ್ಡ ವಿಮಾನ ಬರುತ್ತಿಲ್ಲ, ಯಾಕೆಂದರೆ ರನ್‌ವೇ ಚಿಕ್ಕದು ಎನ್ನುವ ಲೆಕ್ಕ ಶುರುವಾಗುತ್ತದೆ. ಮೈಸೂರಿನಲ್ಲಿ ರನ್‌ವೇ ಉದ್ದ ಮಾಡಲು ಇನ್ನೂ ಜಮೀನು ಬೇಕು ಎಂಬ ಮಾತು ಎಷ್ಟೋ ವರ್ಷದಿಂದ ನಡೆಯುತ್ತಲೇ ಇದೆ, ಪಕ್ಕದ ನಂಜನಗೂಡು ಹೆದ್ದಾರಿಯನ್ನೇ ಏನು ಮಾಡುವುದು ಎಂಬ ತಲೆನೋವೂ ಅದರ ಜೊತೆಗಿದೆ. ಬೆಳಗಾವಿಯಲ್ಲೂ ರನ್‌ವೇ ಬೆಳೆಯಿತು, 2017ರಲ್ಲಿ 2,300 ಮೀಟರ್ ಆಯಿತು. ಎರಡನೇ ಸುತ್ತಿನಲ್ಲಿ ಬೇಕಾಗುವ ಜಾಗ ಎಲ್ಲಿ ಬೇಕೋ ಅಲ್ಲಿ ಸಿಗುವುದಿಲ್ಲ, ರನ್‌ವೇ ತುದಿಯಲ್ಲೇ ಬೇಕು. ಆ ತುದಿಯಲ್ಲಿ ಊರಿರಲಿ, ಕೆರೆಯಿರಲಿ, ಸ್ಮಶಾನವಿರಲಿ. ಮೊದಲ ಸುತ್ತಿನಲ್ಲಿ ಬರೀ ಗೋಮಾಳ ಹೋಯಿತಲ್ಲ ಬಿಡಿ ಎಂದು ಸುಮ್ನೆ ಇದ್ದ ಪಟ್ಟಾ ಜಮೀನಿನವರ ಬಾಗಿಲಿಗೆ ಎರಡನೇ ಸುತ್ತು ಬರುತ್ತದೆ.

ಪರಿಸರದ ಕಾನೂನಿನಲ್ಲೂ ಇದೇ ಏಣಿ ಇದೆ. 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ವಿಮಾನ ನಿಲ್ದಾಣ ಎ ವರ್ಗದ ಯೋಜನೆ, ದೆಹಲಿಯಿಂದಲೇ ಅನುಮತಿ ಬೇಕು, ಜಿಲ್ಲಾಧಿಕಾರಿ ಅಥವಾ ಅವರು ಕಳಿಸಿದ ಅಧಿಕಾರಿಯ ಅಧ್ಯಕ್ಷತೆಯಲ್ಲಿ ಸಾರ್ವಜನಿಕ ಅಹವಾಲು ಸಭೆ ಆಗಬೇಕು, ಅದಕ್ಕೆ 30 ದಿನ ಮುಂಚೆ ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಆದರೆ ಇಂಧನ ತುಂಬುವ ವ್ಯವಸ್ಥೆಯಾಗಲಿ, ವಾಯು ಸಂಚಾರ ನಿಯಂತ್ರಣವಾಗಲಿ ಇಲ್ಲದ ಬರೀ ಏರ್‌ಸ್ಟ್ರಿಪ್‌ಗೆ ಇದರಿಂದ ವಿನಾಯಿತಿ ಇದೆ. ಅಂದರೆ ಮೊದಲ ಮೆಟ್ಟಿಲನ್ನು ಯಾರನ್ನೂ ಕೇಳದೆ ಹತ್ತಬಹುದು. ಎರಡನೇ ಮೆಟ್ಟಿಲಿಗೆ ಬರುವ ಹೊತ್ತಿಗೆ "ಇಲ್ಲಿ ಹೇಗೂ ರನ್‌ವೇ ಇದೆಯಲ್ಲ" ಎನ್ನುವುದೇ ವಾದ. ಮೊದಲು ಕಟ್ಟಿ ಆಮೇಲೆ ಅನುಮತಿ ಕೇಳುವ ಚಾಳಿಯನ್ನು ಸುಪ್ರೀಂ ಕೋರ್ಟ್ 2025ರ ಮೇ 16ರಂದು ವನಶಕ್ತಿ ಪ್ರಕರಣದಲ್ಲಿ ತಪ್ಪು ಎಂದಿತ್ತು. ಅದೇ ವರ್ಷ ನವೆಂಬರ್ 18ರಂದು ಮೂವರ ಪೀಠ, ಇಬ್ಬರು ಒಂದು ಕಡೆ ಒಬ್ಬರು ಒಂದು ಕಡೆಯಾಗಿ, ಆ ತೀರ್ಪನ್ನೇ ವಾಪಸ್ ತೆಗೆದುಕೊಂಡಿತು. ಹಾಗಾಗಿ ಕೋರ್ಟ್ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಇರುವ ಹಾಗಿಲ್ಲ.

ನೀರಿನ ಮಾತಿಗೆ ಬರೋಣ, ನಮ್ಮ ಕಡೆ ಎಲ್ಲ ಮಾತೂ ಕೊನೆಗೆ ಅಲ್ಲಿಗೇ ಬರುತ್ತದೆ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ರಲ್ಲಿ. ಇಂಥ ಸೀಮೆ ನಮ್ಮದು. ಶಿವಮೊಗ್ಗದ ರನ್‌ವೇ ಉದ್ದ 3.2 ಕಿಲೋಮೀಟರ್. ಅಷ್ಟೇ ಉದ್ದದ್ದು ನಮ್ಮಲ್ಲಿ ಬಂತು, ಅಗಲ 45 ಮೀಟರ್ ಎಂದಿಟ್ಟುಕೊಳ್ಳಿ. ಬರೀ ರನ್‌ವೇ ಕಾಂಕ್ರೀಟೇ 35 ಎಕರೆ ಆಗುತ್ತದೆ. ಒಂದು ರಾತ್ರಿ 50 ಮಿಲಿಮೀಟರ್ ಮಳೆ ಹೊಡೆದರೆ ಅದರ ಮೇಲೆ ಬೀಳುವ ನೀರು 72 ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರ್ ಲೆಕ್ಕದಲ್ಲಿ 1,440 ಟ್ಯಾಂಕರ್. ಹುಲ್ಲಿನ ಮೇಲೆ ಬಿದ್ದಿದ್ದರೆ ಒಂದಷ್ಟು ಇಂಗಿ, ಉಳಿದಿದ್ದು ನಿಧಾನವಾಗಿ ಹಳ್ಳಕ್ಕೆ ಇಳಿದು ಕೆರೆ ಸೇರುತ್ತಿತ್ತು. ಕಾಂಕ್ರೀಟಿನ ಮೇಲೆ ಬಿದ್ದಿದ್ದು ಒಂದೇ ಸಲಕ್ಕೆ ಚರಂಡಿಗೆ ನುಗ್ಗುತ್ತದೆ, ಆ ಚರಂಡಿ ಯಾವ ಕಡೆ ತಿರುಗಿಸಿದ್ದಾರೋ ಆ ಕಡೆ ಹೊಲ ಕೊಚ್ಚಿಕೊಂಡು ಹೋಗುತ್ತದೆ, ಇನ್ನೊಂದು ಕಡೆ ಕೆರೆ ಒಣಗುತ್ತದೆ. ಟ್ಯಾಕ್ಸಿವೇ, ಟರ್ಮಿನಲ್, ಪಾರ್ಕಿಂಗ್, ರಸ್ತೆ, ಆಮೇಲೆ ಸುತ್ತ ಏಳುವ ಲೇಔಟು ಇದರಲ್ಲಿ ಸೇರಿಲ್ಲ. ರನ್‌ವೇ ಸಮತಟ್ಟಾಗಿ ಇರಬೇಕಾದ್ದರಿಂದ ನಡುವೆ ಬರುವ ಸಣ್ಣ ಹಳ್ಳಗಳನ್ನು ಮುಚ್ಚಲೇಬೇಕು. ಗ್ರಾಮ ನಕಾಶೆಯಲ್ಲಿ ಆ ಹಳ್ಳಗಳು ಬಿ ಖರಾಬು, ಅಂದರೆ ಸಾಗುವಳಿಗೆ ಸೇರದ ಸಾರ್ವಜನಿಕ ಜಾಗ ಎಂದು ಇರುತ್ತವೆ, ಅಂದರೆ ಅವಕ್ಕೂ ಹೆಸರಿಲ್ಲ. ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆಂದು 2011ರಿಂದ ವನ್ಯಧಾಮ ಇದೆ, ನಕ್ಷೆಯಲ್ಲಿ ಗೆರೆ ಹಾಕಿ ಉಳಿಸಿದ್ದಾರೆ. ಗೆರೆಯ ಹೊರಗಿನ ಕುರುಚಲು ಕಾಡಿಗೆ ಆ ಭಾಗ್ಯವೂ ಇಲ್ಲ.

ಸದ್ದಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ದಿನಕ್ಕೆ ಎರಡು ವಿಮಾನ ಬರುವ ನಿಲ್ದಾಣದಲ್ಲಿ ಅದು ದೊಡ್ಡ ವಿಷಯವಲ್ಲ. ಅದಕ್ಕಿಂತ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇದೆ. ನಿಲ್ದಾಣದ 10 ಕಿಲೋಮೀಟರ್ ಒಳಗೆ ಪ್ರಾಣಿ ಕಡಿಯುವುದು, ಚರ್ಮ ಸುಲಿಯುವುದು, ಹಕ್ಕಿ ಬರುವ ಹಾಗೆ ಕಸ ಸುರಿಯುವುದು ಇವಕ್ಕೆಲ್ಲ ವಿಮಾನ ನಿಯಮಗಳಲ್ಲಿ ನಿರ್ಬಂಧ ಇದೆ. 20 ಕಿಲೋಮೀಟರ್‌ವರೆಗೆ ಕಟ್ಟಡದ ಎತ್ತರದ ಮೇಲೆ ಕಣ್ಣಿಡುತ್ತಾರೆ. ಬೇಲಿಯ ಒಳಗೆ ಹೋಗುವುದು ಇನ್ನೂರು ಮುನ್ನೂರು ಮನೆಯ ಜಮೀನು, ನಿಯಮ ಹಬ್ಬುವುದು ಹತ್ತಾರು ಹಳ್ಳಿಗೆ. ನಮ್ಮ ಕಡೆಯ ಮಾರಿಹಬ್ಬ ನೆನಪು ಮಾಡಿಕೊಳ್ಳಿ, ಸಾಕು.

ಹಾಗಾದರೆ ಈ ಊರಿಗೆ ವಿಮಾನವೇ ಬೇಡವೇ ಎಂದು ನನ್ನ ಗೆಳೆಯನೊಬ್ಬ ಕೇಳುತ್ತಾನೆ. ಅವನದು ವ್ಯಾಪಾರ, ತಿಂಗಳಿಗೆ ಎರಡು ಸಲ ಮುಂಬೈಗೆ ಹೋಗಬೇಕು, ಅವನ ಕಷ್ಟವೂ ಸುಳ್ಳಲ್ಲ. ಅವನಿಗೆ ನಾನು ಹೇಳುವುದು ಶಿವಮೊಗ್ಗ ನೋಡು ಅಂತ. 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ, ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಅತಿ ಉದ್ದದ ರನ್‌ವೇ ಇರುವ ನಿಲ್ದಾಣ ಇಲ್ಲಿಂದ ಎರಡು ಗಂಟೆಯೂ ದೂರವಿಲ್ಲ. ಅಲ್ಲಿ ಇಳಿಯುವ ವಿಮಾನಗಳನ್ನು ಬೆರಳಲ್ಲಿ ಎಣಿಸಬಹುದು. ಹೊಸ ಜಾಗದಲ್ಲಿ ಕಟ್ಟುವ ನಿಲ್ದಾಣಗಳಿಗೆಂದು ಇರುವ ಕೇಂದ್ರದ 2008ರ ಗ್ರೀನ್‌ಫೀಲ್ಡ್ ನೀತಿಯೇ ಹಳೇ ನಿಲ್ದಾಣದಿಂದ 150 ಕಿಲೋಮೀಟರ್ ಒಳಗೆ ಹೊಸದು ಬೇಕಾದರೆ ಹಳೆಯದಕ್ಕೆ ಏನು ಪೆಟ್ಟು ಬೀಳುತ್ತದೆ ಎಂದು ಪ್ರತ್ಯೇಕವಾಗಿ ನೋಡಬೇಕು ಎನ್ನುತ್ತದೆ. ಶಿವಮೊಗ್ಗ ಆ ಗೆರೆಯ ಒಳಗೆ ಆರಾಮಾಗಿ ಬರುತ್ತದೆ, ಹುಬ್ಬಳ್ಳಿಯೂ ಬರುತ್ತದೆ.

ಸಣ್ಣ ಊರುಗಳಿಗೆ ಸಹಾಯಧನ ಕೊಟ್ಟು ವಿಮಾನ ಓಡಿಸುವ ಉಡಾನ್ ಯೋಜನೆಯ ಕಥೆಯನ್ನು ಸರ್ಕಾರದ ಲೆಕ್ಕ ಪರಿಶೋಧಕರ (ಸಿಎಜಿ) 2023ರ ವರದಿ ಹೇಳುತ್ತದೆ. ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಸಹಾಯಧನದ ಮೂರು ವರ್ಷ ಪೂರ್ತಿ ಓಡಿದ್ದು 112, ಅದರಾಚೆಗೂ ಉಳಿದಿದ್ದು 54. ಬೀದರ್‌ಗೆ 2020ರಲ್ಲಿ ವಿಮಾನ ಬಂತು, 2023ರ ಕೊನೆಗೆ ನಿಂತಿತು, 2025ರಲ್ಲಿ ಮತ್ತೆ ಬಂತು. ವಿಮಾನ ಹಾಗೆ ಬರುತ್ತದೆ ಹೋಗುತ್ತದೆ. ಹುಲ್ಲುಗಾವಲು ಹೋದರೆ ಮತ್ತೆ ಬರುವುದಿಲ್ಲ. ಅತ್ತ ತುಮಕೂರು, ಚಿತ್ರದುರ್ಗ, ದಾವಣಗೆರೆ ನೇರ ರೈಲು ಮಾರ್ಗ, 191 ಕಿಲೋಮೀಟರ್, ಮಂಜೂರಾಗಿ ಹತ್ತು ವರ್ಷದ ಮೇಲಾಯಿತು, ಇನ್ನೂ ರೈಲು ಓಡಿಲ್ಲ. ಅದು ಮುಗಿದರೆ ಅರಸೀಕೆರೆ ಬೀರೂರು ಸುತ್ತಿ ಹೋಗುವುದು ತಪ್ಪಿ 65 ಕಿಲೋಮೀಟರ್‌ನಷ್ಟು ದಾರಿ ಉಳಿಯುತ್ತದೆ. ರೈಲಿಗೂ ಜಮೀನು ಬೇಕು, ಅಲ್ಲೂ ರೈತರ ತಕರಾರು ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಆ ರೈಲಿಗೆ ಕುರಿ ಉಣ್ಣೆ ಮಾರುವವನೂ ಹತ್ತುತ್ತಾನೆ.

ಆಕ್ಷೇಪಣೆ ಹೇಗೆ ಬರೆಯಬೇಕು ಎನ್ನುವುದಕ್ಕೆ ಬರುತ್ತೇನೆ, ಯಾಕೆಂದರೆ ನಾನು ಓದಿದ ಆಕ್ಷೇಪಣೆಗಳು ಬಹಳಷ್ಟು ಒಂದೇ ಥರ. ಭೂಮಿ ತಾಯಿ, ಪ್ರಾಣ ಕೊಟ್ಟೇವು ಜಮೀನು ಕೊಡೆವು. ಧರಣಿಯಲ್ಲಿ ಕೂಗಲು ಅದು ಸರಿ. ಫೈಲಿನಲ್ಲಿ ಅದಕ್ಕೆ "ಪರಿಶೀಲಿಸಲಾಗಿದೆ" ಎಂದು ಒಂದು ಸಾಲು ಬರೆದು ಮುಗಿಸುತ್ತಾರೆ. ಉತ್ತರ ಕೊಡಲೇಬೇಕಾದ ಪ್ರಶ್ನೆ ಬೇರೆ. ಕರ್ನಾಟಕ ಭೂಕಂದಾಯ ನಿಯಮ 97ರ ಪ್ರಕಾರ ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ 30 ಎಕರೆ ಗೋಮಾಳ ಇರಬೇಕು. ನಮ್ಮ ಊರಲ್ಲಿ ಜಾನುವಾರು ಗಣತಿ ಪ್ರಕಾರ ಎಷ್ಟು ದನ, ಗೋಮಾಳ ಎಷ್ಟು, ಇದು ಹೋದರೆ ಉಳಿಯುವುದೆಷ್ಟು? ಇಂಥ ಸರ್ವೆ ನಂಬರಿನ ಹಳ್ಳ ಯಾವ ಕೆರೆಗೆ ಹೋಗುತ್ತದೆ, ಆ ಕೆರೆಯ ಅಚ್ಚುಕಟ್ಟು ಎಷ್ಟು ಎಕರೆ? ಕುರಿದಾರಿ ಮುಚ್ಚಿದರೆ ಬದಲಿ ದಾರಿ ಯಾವುದು? ಇಂಥ ಪ್ರಶ್ನೆಗೆ ಅಂಕಿ ಕೊಟ್ಟು ಉತ್ತರ ಬರೆಯಬೇಕು, ಬರೆಯದಿದ್ದರೆ ಮುಂದೆ ಕೋರ್ಟಿನಲ್ಲಿ ಅದೇ ನಮ್ಮ ಕೈಗೆ ಸಿಗುವ ಹಿಡಿ. ಊರಿನ ಸಾಮೂಹಿಕ ಜಮೀನು ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ, ಅದನ್ನೂ ಒಂದು ಸಾಲು ಸೇರಿಸಿ. ಪಂಚಾಯಿತಿಯ ಜೀವವೈವಿಧ್ಯ ಸಮಿತಿ ಎಂದು ಒಂದು ಇರುತ್ತದೆ, ಅದರ ದಾಖಲಾತಿ ಪುಸ್ತಕದಲ್ಲಿ ನಿಮ್ಮ ಕಾವಲಿನ ಹುಲ್ಲು, ಹಕ್ಕಿ, ಔಷಧಿ ಗಿಡ ಬರೆದಿದ್ದಾರೋ ಇಲ್ಲವೋ ನೋಡಿ. ಪಹಣಿಯಲ್ಲಿ ಹೆಸರಿಲ್ಲದ ಜಾಗಕ್ಕೆ ಸರ್ಕಾರಿ ಕಾಗದದಲ್ಲಿ ಹೆಸರು ಸಿಗುವ ಕೆಲವೇ ಜಾಗಗಳಲ್ಲಿ ಅದೊಂದು.

ಇದನ್ನೆಲ್ಲ ಮಾಡಬೇಕಾಗಿರುವುದು ಸರ್ವೆಯವರು ಕಲ್ಲು ನೆಟ್ಟ ಮೇಲೆ ಅಲ್ಲ. ಜಾಗ ಹುಡುಕುತ್ತಿದ್ದಾರೆ ಎಂದು ಹೋಟೆಲಿನಲ್ಲಿ ಮಾತು ಕೇಳಿದ ವಾರವೇ ಗ್ರಾಮಸಭೆ ಕರೆದು ಠರಾವು ಮಾಡಿ. ಠರಾವಿನ ಎರಡು ಪ್ರತಿ ಒಯ್ಯಿರಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿ ಸೀಲು, ತಾರೀಖು, ಸಹಿ ಹಾಕಿಸಿಕೊಂಡು ಬನ್ನಿ. ಹಿಂದೆ ಒಂದು ಸಲ ನಮ್ಮೂರ ಹಳ್ಳದ ವಿಷಯಕ್ಕೆ ಹನ್ನೊಂದು ಜನ ಸಹಿ ಹಾಕಿದ ಅರ್ಜಿಯನ್ನು ಕಚೇರಿಯೊಂದರಲ್ಲಿ ಕೊಟ್ಟು, ಸೀಲು ಯಾಕೆ ಬಿಡಿ ಸಾರ್ ಎಂದು ದೊಡ್ಡ ಮನಸ್ಸು ಮಾಡಿ ಬಂದವನು ನಾನೇ. ಆರು ತಿಂಗಳು ಬಿಟ್ಟು ವಿಚಾರಿಸಲು ಹೋದರೆ ಆ ಹೆಸರಿನ ಅರ್ಜಿಯೇ ಬಂದಿಲ್ಲ ಎಂದರು.